ಪದವಿಯ ಗಣಿತಕ್ಕೆ ಪ್ರಾಥಮಿಕ ಶಾಲೆಯ ಪಾಯ

ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಗಣಿತದಲ್ಲಿ ಅನುತ್ತೀರ್ಣನಾದರೆ ನಮ್ಮ ಕಡೆ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಹುಡುಗನಿಗೆ ತಲೆ ಇಲ್ಲ ಎಂಬುದು ಮೊದಲನೆಯದು. ಕಾಲೇಜಿನಲ್ಲಿ ಪಾಠವೇ ಆಗುವುದಿಲ್ಲ ಎಂಬುದು ಎರಡನೆಯದು. ನಮ್ಮ ಭಾಗವೇ ಹಿಂದುಳಿದದ್ದು, ಏನು ಮಾಡುವುದು ಎಂಬ ನಿಟ್ಟುಸಿರು ಮೂರನೆಯದು. ಈ ಮೂರರಲ್ಲಿಯೂ ರೋಗಿಯ ಬಗೆಗೆ ಮರುಕವೋ ತಿರಸ್ಕಾರವೋ ಇದೆಯೇ ಹೊರತು ರೋಗದ ನಿದಾನವಿಲ್ಲ. ನಿವೃತ್ತಿಯ ನಂತರದ ವರ್ಷಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುತ್ತ ಬಂದಿರುವ ನನಗೆ ಕಂಡಿರುವ ನಿದಾನವೇ ಬೇರೆ. ಈ ಮಕ್ಕಳು ಎಡವುವುದು ವಿಶ್ವವಿದ್ಯಾಲಯದ ಗಣಿತದಲ್ಲಿ ಅಲ್ಲ. ಅವರು ಎಡವುವುದು ಪ್ರಾಥಮಿಕ ಶಾಲೆಯ ಭಿನ್ನರಾಶಿಯಲ್ಲಿ ಮತ್ತು ಕನ್ನಡದಿಂದ ಇಂಗ್ಲಿಷಿಗೆ ದಾಟುವ ಹೊಳೆಯಲ್ಲಿ. ಇವೆರಡನ್ನು ಸರಿಪಡಿಸುವುದು ಅಸಾಧ್ಯವೂ ಅಲ್ಲ, ಹೆಚ್ಚು ಖರ್ಚಿನದೂ ಅಲ್ಲ ಎಂಬುದು ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮಾತು.

ನನ್ನ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಮಸ್ಕಿಯ ಹತ್ತಿರದ ಹಳ್ಳಿ ನನ್ನದು. ಈಗ ಮಸ್ಕಿಯೇ ತಾಲ್ಲೂಕು ಕೇಂದ್ರವಾಗಿದೆ; ನಾನು ಸೇವೆಯಲ್ಲಿದ್ದಾಗ ಅದು ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ನಮ್ಮ ತಂದೆಯವರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ರಾಯಚೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದ 1956ರ ಬಳಿಕ ಶಾಲೆಗೆ ಹೋದ ಪೀಳಿಗೆ ನಮ್ಮದಾದ್ದರಿಂದ ನಮಗೆ ಕನ್ನಡದಲ್ಲಿ ಗಣಿತ ಕಲಿಯುವ ಭಾಗ್ಯ ದೊರೆಯಿತು. ಮುಂದೆ ರಾಯಚೂರಿನಲ್ಲಿ ಬಿ.ಎಸ್ಸಿ. ಓದಿದಾಗ ಪದವಿ ಪ್ರಮಾಣಪತ್ರ ಬಂದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ. ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದದ್ದು 1980ರಲ್ಲಿ. ಈಗ ರಾಯಚೂರಿನಲ್ಲಿಯೇ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರಿನ ವಿಶ್ವವಿದ್ಯಾಲಯವಿದೆ. ಒಂದೇ ಆಯುಷ್ಯದಲ್ಲಿ ವಿಶ್ವವಿದ್ಯಾಲಯ ಧಾರವಾಡದಿಂದ ಕಲಬುರಗಿಗೆ, ಕಲಬುರಗಿಯಿಂದ ರಾಯಚೂರಿಗೆ, ಹೀಗೆ ನಮ್ಮ ಮನೆಬಾಗಿಲಿಗೆ ನಡೆದು ಬಂದದ್ದನ್ನು ಕಂಡವನು ನಾನು. ಆದರೆ ವಿಶ್ವವಿದ್ಯಾಲಯ ಎಷ್ಟು ಹತ್ತಿರ ಬಂದಿದೆಯೋ ಅದರೊಳಗಿನ ಗಣಿತವೂ ಅಷ್ಟೇ ಹತ್ತಿರ ಬಂದಿದೆಯೆಂದು ಹೇಳಲಾರೆ.

ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟು ಗಣಿತ ಕಲಿಸಿ ನಿವೃತ್ತನಾದ ಮೇಲೆ ಸಿಂಧನೂರಿನಲ್ಲಿ ಮನೆ ಮಾಡಿದೆ. ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮಗಳನ್ನು ಕರೆತಂದು, "ಸರ್, ಬಿ.ಎಸ್ಸಿ. ಎರಡನೇ ಸೆಮಿಸ್ಟರ್‌ನ್ಯಾಗ ಗಣಿತ ಉಳದೈತ್ರಿ, ಸ್ವಲ್ಪ ನೋಡ್ರಿ" ಎಂದದ್ದು ಆರಂಭ. ಒಬ್ಬಳಿಂದ ಇಬ್ಬರಾಗಿ, ಇಬ್ಬರಿಂದ ಹತ್ತಾಗಿ ಬೆಳೆಯಿತು. ವಾರದಲ್ಲಿ ಎರಡು ದಿನ ಮಸ್ಕಿಗೆ, ಕೆಲವು ಕಾಲ ಲಿಂಗಸುಗೂರಿಗೂ ಬಸ್ಸಿನಲ್ಲಿ ಹೋಗಿಬಂದೆ. ಮೂರೂ ಊರುಗಳು ಒಂದೇ ರಸ್ತೆಯ ಮೇಲಿವೆ. ಆದರೆ ಮಕ್ಕಳು ಬೇರೆ ಬೇರೆ. ಸಿಂಧನೂರಿನಲ್ಲಿ ಕಾಲುವೆ ಬಂದಮೇಲೆ ನೆಲೆಸಿದ ಕ್ಯಾಂಪುಗಳ ತೆಲುಗು ಮನೆಮಾತಿನವರು, ಬಾಂಗ್ಲಾ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಮನೆಮಾತಿನವರು. ಮಸ್ಕಿಯಲ್ಲಿ ಮಳೆಯನ್ನೇ ನಂಬಿದ ಒಣಬೇಸಾಯದ ಮನೆಯವರು, ತಾಂಡಾಗಳ ಲಂಬಾಣಿ ಮಕ್ಕಳು. ಲಿಂಗಸುಗೂರಿನಲ್ಲಿ ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ಮಕ್ಕಳು, ಮುದಗಲ್ಲಿನ ಉರ್ದು ಮನೆಮಾತಿನವರು. ಮನೆಮಾತು ಯಾವುದೇ ಇರಲಿ, ಇವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು.

ಮೊದಲು ಭಿನ್ನರಾಶಿಯ ಮಾತು. ಬಂದ ಪ್ರತಿಯೊಬ್ಬರಿಗೂ ನಾನು ಮೊದಲ ದಿನ ಕೊಡುವುದು ಅವರ ಪಠ್ಯದ ಲೆಕ್ಕವನ್ನಲ್ಲ. ಎರಡೂ ಮೂರನ್ನೂ ಕೂಡಿಸಿ ಬಂದ ಸಂಖ್ಯೆಯಿಂದ ಒಂದನ್ನು ಭಾಗಿಸಿದರೆ ಎಷ್ಟು ಎಂಬಂಥ ಸರಳ ಪ್ರಶ್ನೆಗಳವು. ಅಂಕಿಗಳಿದ್ದಾಗ ಸರಿಯುತ್ತರ ಬರುತ್ತದೆ. ಅಂಕಿಗಳ ಜಾಗದಲ್ಲಿ ಎ, ಬಿ ಅಕ್ಷರಗಳನ್ನಿಟ್ಟೊಡನೆ, ಎ ಕೂಡಿಸು ಬಿ ಎಂಬುದರ ಮೇಲಿನ ಒಂದು ಇಬ್ಭಾಗವಾಗಿ ಎ ಮೇಲೊಂದು, ಬಿ ಮೇಲೊಂದು ಹೋಗಿ ಕುಳಿತುಬಿಡುತ್ತದೆ. ಹತ್ತರಲ್ಲಿ ಆರು ಮಂದಿ ಹೀಗೆ ಬರೆದದ್ದನ್ನು ಅನೇಕ ಸಲ ನೋಡಿದ್ದೇನೆ. ಆಗ ನಾನು ಕೇಳುವುದು ರೊಟ್ಟಿಯ ಲೆಕ್ಕ. ಒಂದು ಜೋಳದ ರೊಟ್ಟಿಯನ್ನು ಇಬ್ಬರು ಗಂಡಸರು, ಇಬ್ಬರು ಹೆಂಗಸರು ಸಮನಾಗಿ ಹಂಚಿಕೊಂಡರೆ ಒಬ್ಬರಿಗೆಷ್ಟು? ಕಾಲು ರೊಟ್ಟಿ. ನೀನು ಬರೆದ ಪ್ರಕಾರವಾದರೆ ಅರ್ಧಕ್ಕೆ ಅರ್ಧ ಕೂಡಿ ಒಬ್ಬೊಬ್ಬರಿಗೂ ಇಡೀ ರೊಟ್ಟಿ ಬರಬೇಕು, ಬಂದೀತೇ? ನಗುತ್ತಾರೆ. ನಕ್ಕವರು ಆ ತಪ್ಪನ್ನು ಮತ್ತೆ ಮಾಡುವುದು ಅಪರೂಪ. ವರ್ಗಮೂಲದ ಕತೆಯೂ ಇದೇ. ಒಂಬತ್ತು ಹದಿನಾರು ಕೂಡಿದರೆ ಇಪ್ಪತ್ತೈದು, ಅದರ ಮೂಲ ಐದು. ಬೇರೆ ಬೇರೆಯಾಗಿ ಮೂಲ ತೆಗೆದು ಕೂಡಿದರೆ ಏಳು. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡದವನು ಅನುಕಲನದ ಲೆಕ್ಕದಲ್ಲಿ ಎರಡು ಪುಟ ಸರಿಯಾಗಿ ಬರೆದು ಮೂರನೆಯ ಪುಟದಲ್ಲಿ ಮುಗ್ಗರಿಸುತ್ತಾನೆ. ಆಗ ಅವನು, "ನನಗೆ ಕ್ಯಾಲ್ಕುಲಸ್ ಬರುವುದಿಲ್ಲ" ಎಂದುಕೊಳ್ಳುತ್ತಾನೆ. ಕ್ಯಾಲ್ಕುಲಸ್ ಅವನಿಗೆ ಬಂದಿದೆ; ಬಾರದಿರುವುದು ಭಿನ್ನರಾಶಿ.

ಹಾಗೆಂದು ಭಿನ್ನರಾಶಿ ನಮ್ಮ ಜನಕ್ಕೆ ಹೊಸದೇ? ಕಾಲು, ಅರೆ, ಮುಕ್ಕಾಲು, ಹದಿನಾರರಲ್ಲಿ ಒಂದು ಭಾಗವಾದ ವೀಸ, ಇವೆಲ್ಲ ನಮ್ಮ ಅಜ್ಜಿಯರ ಬಾಯಲ್ಲಿದ್ದ ಮಾತುಗಳು. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಗುರುತಿಸಿದ ಶಾಸನ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಲೋಕಕ್ಕೆ ತಿಳಿಸಿಕೊಟ್ಟಿತೆಂಬುದನ್ನು ಎಲ್ಲರೂ ಬಲ್ಲರು. ಅದೇ ಶಾಸನದಲ್ಲಿ ಒಂದು ಭಿನ್ನರಾಶಿಯೂ ಇದೆ ಎಂಬುದನ್ನು ಬಲ್ಲವರು ಕಡಿಮೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳಾದವೆಂದು ಅರಸ ಹೇಳಿಕೊಳ್ಳುತ್ತಾನೆ. ಅಲ್ಲಿಯ ಪ್ರಾಕೃತ ಪದದ ಮೂಲಾರ್ಥ 'ಮೂರನೆಯದರಲ್ಲಿ ಅರ್ಧ' ಎಂದು. ಎರಡು ಪೂರ್ಣವಾಗಿ ಮೂರನೆಯದು ಅರ್ಧವಾದರೆ ಎರಡೂವರೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಈ ಎಣಿಕೆಯನ್ನು ಆ ಬೆಟ್ಟದ ನೆರಳಿನಲ್ಲಿ ಬೆಳೆದ ಹುಡುಗನಿಗೆ ತೋರಿಸಿದರೆ ಭಿನ್ನರಾಶಿಯ ಮೇಲಿನ ಭಯ ಅರ್ಧ ಕಡಿಮೆಯಾಗುತ್ತದೆ. ಹೊಲದ ಲೆಕ್ಕವೂ ಹಾಗೆಯೇ. ಎರಡು ಎಕರೆ ಮೂವತ್ತು ಗುಂಟೆಯನ್ನು ದಶಮಾಂಶದಲ್ಲಿ ಬರೆಯೆಂದರೆ 2.30 ಎಂದು ಬರೆಯುವ ಪದವಿ ವಿದ್ಯಾರ್ಥಿಗಳಿದ್ದಾರೆ. ಎಕರೆಗೆ ನಲವತ್ತು ಗುಂಟೆ, ಆದ್ದರಿಂದ ಮೂವತ್ತು ಗುಂಟೆಯೆಂದರೆ ಮುಕ್ಕಾಲು ಎಕರೆ, ಅಂದರೆ 2.75. ಅವರ ಅಪ್ಪಂದಿರು ಇದನ್ನು ಬಾಯಲ್ಲೇ ಹೇಳುತ್ತಾರೆ. ಮನೆಯಲ್ಲಿರುವ ಗಣಿತಕ್ಕೂ ಪುಸ್ತಕದಲ್ಲಿರುವ ಗಣಿತಕ್ಕೂ ಪರಿಚಯ ಮಾಡಿಸಿದವರಿಲ್ಲ, ಅಷ್ಟೆ.

ಎರಡನೆಯ ತೊಡಕು ಭಾಷೆಯದು. ಇದು ಇನ್ನೂ ಸೂಕ್ಷ್ಮವಾದದ್ದು. ಹತ್ತನೆಯ ತರಗತಿಯವರೆಗೆ ವರ್ಗಸಮೀಕರಣ, ಸಮಾಂತರ ಶ್ರೇಢಿ, ಅವಿಭಾಜ್ಯ ಸಂಖ್ಯೆ ಎಂದು ಕಲಿತ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟೊಡನೆ ಎಲ್ಲದರ ಹೆಸರೂ ಬದಲಾಗಿಬಿಡುತ್ತದೆ. ತಾನು ಚೆನ್ನಾಗಿ ಬಲ್ಲ ವರ್ಗಸಮೀಕರಣವೇ ಕ್ವಾಡ್ರಾಟಿಕ್ ಇಕ್ವೇಷನ್ ಎಂಬ ವೇಷದಲ್ಲಿ ಬಂದಾಗ ಅದನ್ನು ಅಪರಿಚಿತರಂತೆ ನೋಡುತ್ತಾಳೆ. ಪದವಿಗೆ ಬಂದಮೇಲೆ ಇನ್ನೊಂದು ಕಷ್ಟ. ಅಲ್ಲಿನ ಪದಗಳು ನೋಡುವುದಕ್ಕೆ ಸಾದಾ ಇಂಗ್ಲಿಷ್ ಪದಗಳೇ. ನಿಘಂಟಿನಲ್ಲಿ ನೋಡಿದರೆ ಫೀಲ್ಡ್ ಎಂದರೆ ಹೊಲ, ರಿಂಗ್ ಎಂದರೆ ಉಂಗುರ, ಗ್ರೂಪ್ ಎಂದರೆ ಗುಂಪು. ನಿಘಂಟಿನ ಈ ಅರ್ಥವನ್ನಿಟ್ಟುಕೊಂಡು ಬೀಜಗಣಿತದ ವ್ಯಾಖ್ಯೆಯನ್ನು ಓದಿದವನಿಗೆ ಏನು ತಿಳಿದೀತು? ತಿಳಿಯದಿದ್ದಾಗ ಉಳಿಯುವ ದಾರಿ ಕಂಠಪಾಠವೊಂದೇ. ಪ್ರಮೇಯವನ್ನು ಪದ್ಯದಂತೆ ಬಾಯಿಪಾಠ ಮಾಡಿ, ಪ್ರಶ್ನೆಯಲ್ಲಿ ಒಂದು ಅಕ್ಷರ ಬದಲಾದರೂ ಕಂಗಾಲಾಗುವ ಬುದ್ಧಿವಂತ ಮಕ್ಕಳನ್ನು ಕಂಡು ನೊಂದಿದ್ದೇನೆ. "ಅರ್ಥ ಆಗೈತ್ರಿ ಸರ್, ಆದ್ರ ಇಂಗ್ಲೀಷಿನ್ಯಾಗ ಬರೀಬೇಕಂದ್ರ ಕೈ ಓಡಂಗಿಲ್ಲ" ಎನ್ನುವವರು ಕೆಲವರು. "ಬರದೀನ್ರಿ ಸರ್, ಆದ್ರ ಏನ್ ಬರದೀನಿ ಗೊತ್ತಿಲ್ಲ" ಎನ್ನುವವರು ಹಲವರು. ಎರಡನೆಯವರ ಸ್ಥಿತಿಯೇ ಹೆಚ್ಚು ಅಪಾಯಕರ. ಏಕೆಂದರೆ ಅವರು ಪಾಸಾಗಿಬಿಡುತ್ತಾರೆ, ನಾಳೆ ಶಿಕ್ಷಕರೂ ಆಗುತ್ತಾರೆ.

ಕನ್ನಡದಲ್ಲಿ ಉನ್ನತ ಗಣಿತವನ್ನು ವಿವರಿಸಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ನಿದರ್ಶನ ಕೊಡುತ್ತೇನೆ. ರಿಯಲ್ ಅನಾಲಿಸಿಸ್ ಪತ್ರಿಕೆಯಲ್ಲಿ ಕಂಟಿನ್ಯೂಟಿ ಮತ್ತು ಯೂನಿಫಾರ್ಮ್ ಕಂಟಿನ್ಯೂಟಿಗಳ ವ್ಯತ್ಯಾಸ ವಿದ್ಯಾರ್ಥಿಗಳಿಗೆ ನುಂಗಲಾರದ ತುತ್ತು. ಎರಡರ ಇಂಗ್ಲಿಷ್ ವ್ಯಾಖ್ಯೆಗಳಲ್ಲಿಯೂ ಅವೇ ಪದಗಳು. ಅವುಗಳ ಅನುಕ್ರಮ ಮಾತ್ರ ಬೇರೆ. ನಾನು ಕಪ್ಪುಹಲಗೆಯ ಮೇಲೆ ಎರಡು ಕನ್ನಡ ವಾಕ್ಯಗಳನ್ನು ಬರೆಯುತ್ತೇನೆ. 'ಪ್ರತಿ ಊರಿಗೂ ಒಂದು ಬಾವಿ ಇದೆ.' 'ಎಲ್ಲ ಊರುಗಳಿಗೂ ಒಂದೇ ಬಾವಿ ಇದೆ.' ಮೊದಲನೆಯದರಲ್ಲಿ ಊರು ಬದಲಾದರೆ ಬಾವಿಯೂ ಬದಲಾಗಬಹುದು. ಎರಡನೆಯದರಲ್ಲಿ ಆ ಒಂದೇ ಬಾವಿ ಎಲ್ಲರಿಗೂ ಸಾಲಬೇಕು. ಊರು ಎಂಬಲ್ಲಿ ಬಿಂದು ಎಂದಿಡಿ, ಬಾವಿ ಎಂಬಲ್ಲಿ ಡೆಲ್ಟಾ ಎಂದಿಡಿ, ಕೆಲಸ ಮುಗಿಯಿತು. 'ಒಂದು' ಎಂಬುದಕ್ಕೂ 'ಒಂದೇ' ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಭಾಷೆ ಒಂದು ಏತ್ವದಲ್ಲಿ ಹಿಡಿದಿಟ್ಟಿದೆ. ಸೊನ್ನೆಯ ಸಮೀಪಕ್ಕೆ ಹೋದಂತೆಲ್ಲ ಒಂದನ್ನು ಎಕ್ಸ್‌ನಿಂದ ಭಾಗಿಸಿದ ಫಲನಕ್ಕೆ ಇನ್ನೂ ಇನ್ನೂ ಸಣ್ಣ ಡೆಲ್ಟಾ ಬೇಕಾಗುತ್ತ ಹೋಗುವುದರಿಂದ, ಅಲ್ಲಿ ಎಲ್ಲ ಊರುಗಳಿಗೂ ಒಂದೇ ಬಾವಿ ಸಾಲದು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕೊಡ ಹೊತ್ತು ನಡೆದ ಮಸ್ಕಿ ಭಾಗದ ಹೆಣ್ಣುಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಎಪ್ಸಿಲಾನ್ ಎಷ್ಟೇ ಚಿಕ್ಕದಾದರೂ ಸೊನ್ನೆಯಲ್ಲ ಎಂಬುದು ಇನ್ನೊಂದು ತೊಡಕು. ಲಿಂಗಸುಗೂರಿನಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಟ್ಟಿಯ ಹುಡುಗನೊಬ್ಬ, "ನಮ್ಮ ಗಣಿ ಇದ್ದಂಗ ಅಲ್ರೀ ಸರ್" ಎಂದ. ಟನ್ನುಗಟ್ಟಲೆ ಕಲ್ಲನ್ನು ಅರೆದರೆ ಟನ್ನಿಗೆ ಕೆಲವೇ ಗ್ರಾಂ ಚಿನ್ನ. ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಅತ್ಯಲ್ಪ, ಆದರೂ ಸೊನ್ನೆಯಲ್ಲ. ಸೊನ್ನೆಯಾಗಿದ್ದರೆ ಗಣಿಯೂ ಇರುತ್ತಿರಲಿಲ್ಲ, ಅವನ ಮನೆಯ ಒಲೆಯೂ ಉರಿಯುತ್ತಿರಲಿಲ್ಲ. ಅಂದಿನಿಂದ ಆ ಉದಾಹರಣೆ ನನ್ನ ಪಾಠದ ಭಾಗವಾಗಿದೆ.

ಸಿಂಧನೂರಿನ ಮಕ್ಕಳಿಗೆ ಅನುಕಲನವನ್ನು ಕಲಿಸುವುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ನೀರು ಎಷ್ಟು ರಭಸದಲ್ಲಿ ಹರಿಯುತ್ತಿದೆ ಎಂಬುದನ್ನು ಹೇಳುವುದು ಕ್ಯೂಸೆಕ್. ಒಟ್ಟು ಎಷ್ಟು ನೀರು ಬಂತು ಎಂಬುದನ್ನು ಹೇಳುವುದು ಟಿಎಂಸಿ. ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ 4,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಹರಿದರೆ ಸುಮಾರು ಮೂರೂವರೆ ಟಿಎಂಸಿ ಆಗುತ್ತದೆ. ಹರಿವು ದಿನದಿಂದ ದಿನಕ್ಕೆ ಬದಲಾದರೆ ದಿನದ ಲೆಕ್ಕಗಳನ್ನು ಕೂಡಬೇಕು. ಗಂಟೆಗೊಮ್ಮೆ ಬದಲಾದರೆ ಗಂಟೆಯ ಲೆಕ್ಕಗಳನ್ನು ಕೂಡಬೇಕು. ಕ್ಷಣಕ್ಷಣವೂ ಬದಲಾದರೆ ಮಾಡಬೇಕಾದ ಆ ಕೂಡಿಕೆಗೇ ಅನುಕಲನ ಎಂದು ಹೆಸರು. ಕ್ಯೂಸೆಕ್ ಅವಕಲನದ ಫಲ, ಟಿಎಂಸಿ ಅನುಕಲನದ ಫಲ. ಮೊದಲು ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿರುವುದೂ, ಆಗಸ್ಟ್ 2024ರಲ್ಲಿ ಹತ್ತೊಂಬತ್ತನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಎರಡನೆಯ ಬೆಳೆಯ ಚಿಂತೆ ಊರೂರನ್ನು ಕಾಡಿದ್ದೂ ಈ ಮಕ್ಕಳಿಗೆ ಗೊತ್ತು. ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರು ಏಕೆ ಮುಟ್ಟುವುದಿಲ್ಲ ಎಂಬ ಅವರ ಮನೆಯ ಜಗಳವೇ ಒಂದು ಗಣಿತ. ಅದನ್ನು ಬಿಟ್ಟು ನಾವು ಅವರಿಗೆ ಎಲ್ಲಿಯೋ ಉರುಳುವ ಗೋಲಿಯ ಉದಾಹರಣೆ ಹೇಳುತ್ತೇವೆ.

ಇಷ್ಟು ಹೇಳಿದಾಗ ಎದುರಾಗುವ ಆಕ್ಷೇಪಗಳು ಎರಡು. ಪದವಿ ವಿದ್ಯಾರ್ಥಿಗೆ ಭಿನ್ನರಾಶಿ ಕಲಿಸುವುದು ಅವಮಾನವಲ್ಲವೇ ಎಂಬುದು ಒಂದು. ಪಾಯ ಕುಸಿದಿರುವ ಮನೆಯ ಮೂರನೆಯ ಅಂತಸ್ತಿಗೆ ಬಣ್ಣ ಹಚ್ಚುವುದು ಅವಮಾನವೇ ಹೊರತು ಪಾಯ ಭದ್ರಪಡಿಸುವುದಲ್ಲ ಎಂಬುದು ನನ್ನ ಉತ್ತರ. ನಿಜವಾದ ಅವಮಾನದ ಭಯ ಇರುವುದು ವಿದ್ಯಾರ್ಥಿಗಳಿಗಲ್ಲ, ನಮಗೆ. ನಾಲ್ಕು ಜನರ ನಡುವೆ ಬೈಯದೆ, ನಗದೆ ಹೇಳಿಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಆರು ವಾರಗಳು ಸಾಕು. ಋಣ ಸಂಖ್ಯೆ, ಭಿನ್ನರಾಶಿ, ಘಾತಾಂಕ, ಸರಳ ಸಮೀಕರಣ, ನಕ್ಷೆ, ಇಷ್ಟನ್ನು ಅಚ್ಚುಕಟ್ಟಾಗಿ ಮಾಡಿದರೆ ಮೊದಲ ಸೆಮಿಸ್ಟರಿನ ಅರ್ಧ ಭಾರ ಇಳಿಯುತ್ತದೆ.

ಕನ್ನಡದಲ್ಲಿ ವಿವರಿಸಿದರೆ ಮಕ್ಕಳು ಬಾವಿಯ ಕಪ್ಪೆಗಳಾಗುತ್ತಾರೆ, ಮುಂದಿನ ಓದೆಲ್ಲ ಇಂಗ್ಲಿಷಿನಲ್ಲಿಯೇ ಇದೆ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾಷಾಂತರ ಸಂಸ್ಥೆಯನ್ನೇ ಕಟ್ಟಿ ವಿಜ್ಞಾನ, ಗಣಿತಗಳನ್ನು ಪದವಿಯ ಮಟ್ಟದಲ್ಲಿ ಉರ್ದುವಿನಲ್ಲಿ ಕಲಿಸಿತು. ಭಾರತೀಯ ಭಾಷೆಯಲ್ಲಿ ಉನ್ನತ ಗಣಿತ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಆದರೆ ಅಂದಿನ ರಾಯಚೂರಿನ ಕನ್ನಡದ ಹುಡುಗನಿಗೆ ಆ ಉರ್ದುವೂ ಪರಕೀಯವೇ ಆಗಿತ್ತು. ಅದರಿಂದ ಕಲಿಯಬೇಕಾದ ಪಾಠ ಇದು: ಭಾಷೆಯ ಗೌರವಕ್ಕಿಂತ ಮಗುವಿನ ತಿಳಿವಳಿಕೆ ಮುಖ್ಯ. ಆದ್ದರಿಂದ ನಾನು ಇಂಗ್ಲಿಷ್ ಬೇಡವೆನ್ನುವುದಿಲ್ಲ. ಮೊದಲು ಕನ್ನಡದಲ್ಲಿ ತಿಳಿಯಲಿ, ಬಳಿಕ ಅದನ್ನೇ ಇಂಗ್ಲಿಷಿನಲ್ಲಿ ತಾನೇ ವಾಕ್ಯ ಕಟ್ಟಿ ಬರೆಯಲಿ. ನನ್ನ ಬಳಿ ಬರುವವರೆಲ್ಲರೂ ಒಂದು ನೋಟುಪುಸ್ತಕವಿಡಬೇಕು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ವರ್ಷ ಮುಗಿಯುವಷ್ಟರಲ್ಲಿ ಎಡಪುಟ ತಾನಾಗಿಯೇ ಖಾಲಿಯಾಗುತ್ತ ಬರುತ್ತದೆ. ದೋಣಿ ಬೇಕಾದದ್ದು ಹೊಳೆ ದಾಟುವುದಕ್ಕೆ. ದಾಟಿದ ಮೇಲೆ ಅದನ್ನು ತಲೆಯ ಮೇಲೆ ಹೊರಬೇಕಾಗಿಲ್ಲ.

ಇನ್ನು 'ನಮ್ಮ ಭಾಗವೇ ಹಿಂದುಳಿದದ್ದು' ಎಂಬ ನಿಟ್ಟುಸಿರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಅಂದಿನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಾರಣಸಹಿತ ಹೇಳಿದವನು, ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವನು ಆತ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದ. ಇದನ್ನು ಬರಿಯ ಹೆಮ್ಮೆಗಾಗಿ ಹೇಳುತ್ತಿಲ್ಲ. ಹೆಮ್ಮೆಯಿಂದ ಲೆಕ್ಕ ಬಿಡುವುದಿಲ್ಲ. ಈ ಮಣ್ಣಿಗೂ ಈ ಭಾಷೆಗೂ ಗಣಿತ ಒಗ್ಗುವುದಿಲ್ಲವೆಂಬ ನೆಪ ಸುಳ್ಳು ಎಂಬುದಕ್ಕಷ್ಟೇ ಹೇಳುತ್ತಿದ್ದೇನೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ನಮ್ಮ ಮಕ್ಕಳಿಗೆ ಸೀಟುಗಳನ್ನೂ ಹುದ್ದೆಗಳನ್ನೂ ಮೀಸಲಿಟ್ಟಿತು. ಅದು ನ್ಯಾಯವಾದದ್ದೇ. ಆದರೆ ಸೀಟನ್ನು ಸಂವಿಧಾನ ಕೊಡಿಸಬಲ್ಲುದು, ಪ್ರಮೇಯವನ್ನು ಅರ್ಥಮಾಡಿಸಲಾರದು. ಆ ಕೆಲಸ ನಮ್ಮದು.

ಕೆಲಸ ಆಗದಿದ್ದರೆ ಏನಾಗುತ್ತದೆಂಬುದನ್ನೂ ಕಂಡಿದ್ದೇನೆ. ಮಸ್ಕಿ ಕಡೆಯ ಒಬ್ಬ ಹುಡುಗನಿಗೆ ಎರಡು ಗಣಿತ ಪತ್ರಿಕೆಗಳು ಉಳಿದಿದ್ದವು. ಆ ವರ್ಷ ಮಳೆ ಕೈಕೊಟ್ಟಿತು. ಮನೆಯವರು ಬೆಂಗಳೂರಿಗೆ ಗುಳೆ ಹೊರಟಾಗ ಅವನೂ ಕಟ್ಟಡದ ಕೆಲಸಕ್ಕೆ ಹೋದ, ಪರೀಕ್ಷೆಗೆ ಬರಲಿಲ್ಲ. ಅದೇ ತಂಡದ ಹುಡುಗಿಯೊಬ್ಬಳಿಗೆ ಮನೆಯಲ್ಲಿ ಕೊಟ್ಟಿದ್ದ ಗಡುವು ಒಂದೇ ಸೆಮಿಸ್ಟರಿನದು. ಪಾಸಾಗದಿದ್ದರೆ ಮದುವೆ ಎಂದು ನಿಶ್ಚಯವಾಗಿತ್ತು. ಆಕೆ ಬೆಳಗಿನ ಮೊದಲ ಬಸ್ಸಿಗೆ ಬಂದು ಕಲಿತಳು, ತೇರ್ಗಡೆಯಾದಳು, ಬಿ.ಎಡ್. ಮಾಡಿಕೊಂಡಳು, ಈಗ ಮಕ್ಕಳಿಗೆ ಗಣಿತ ಹೇಳುತ್ತಿದ್ದಾಳೆ. ಬುದ್ಧಿಯಲ್ಲಿ ಇಬ್ಬರ ನಡುವೆ ನನಗೆ ಭೇದ ಕಾಣಲಿಲ್ಲ. ಒಬ್ಬಳಿಗೆ ಸಮಯ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಆ ಆರು ವಾರಗಳ ಪಾಠ ಮೊದಲ ಸೆಮಿಸ್ಟರಿನಲ್ಲಿಯೇ ದೊರೆತಿದ್ದರೆ ಅವನ ಪತ್ರಿಕೆಗಳು ಉಳಿಯುತ್ತಲೇ ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಗಣಿತವಿರುವ ಪ್ರತಿ ಪದವಿ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನ ಮೊದಲ ಆರು ವಾರ ದಿನಕ್ಕೊಂದು ಗಂಟೆ ಈ ಅಡಿಪಾಯದ ಪಾಠ ನಡೆಯಲಿ. ಪಠ್ಯ ಮುಗಿಸುವ ಒತ್ತಡ, ವರ್ಷವರ್ಷವೂ ನೌಕರಿಯ ಅನಿಶ್ಚಿತತೆ ಇವುಗಳ ನಡುವೆ ಬೇಯುತ್ತಿರುವ ಅತಿಥಿ ಉಪನ್ಯಾಸಕರ ಮೇಲೆ ಇದನ್ನೂ ಹೇರುವುದು ಬೇಡ. ಊರೂರಲ್ಲಿ ನಿವೃತ್ತ ಗಣಿತ ಶಿಕ್ಷಕರಿದ್ದೇವೆ. ಭಿನ್ನರಾಶಿ ಕಲಿಸುವುದರಲ್ಲಿ ನಮಗಿಂತ ಅನುಭವಿಗಳು ಯಾರು? ಪಿಂಚಣಿ ಬರುತ್ತಿದೆ, ಆರೋಗ್ಯ ಕೈಕೊಟ್ಟಿಲ್ಲ, ಸಂಜೆ ಕಟ್ಟೆಯ ಮೇಲೆ ಕುಳಿತು ಕಾಲ ಕೆಟ್ಟಿತೆನ್ನುವುದಕ್ಕೆ ಎರಡು ಗಂಟೆ ಸಿಗುತ್ತದೆ. ಅದರಲ್ಲಿ ಒಂದು ಗಂಟೆಯನ್ನು ಈ ಮಕ್ಕಳಿಗೆ ಕೊಡೋಣ. ಕಪ್ಪುಹಲಗೆಯೂ ಸುಣ್ಣದ ಕಡ್ಡಿಯೂ ಇದ್ದರೆ ಸಾಕು. ಪರೀಕ್ಷೆಯ ಹಿಂದಿನ ವಾರ 'ಇಂಪಾರ್ಟೆಂಟ್' ಪ್ರಶ್ನೆಗಳ ಪಟ್ಟಿ ಹಂಚುವುದನ್ನು ಮಾತ್ರ ನಾವು ಮಾಡಬಾರದು; ಅದಕ್ಕೆ ಬೇರೆಯವರಿದ್ದಾರೆ.

ಪ್ರಾಚಾರ್ಯರೂ ಹಿರಿಯ ಶಿಕ್ಷಕ ಮಿತ್ರರೂ ಈ ವಿಷಯವನ್ನು ಯೋಚಿಸಬೇಕೆಂದು ಕೋರುತ್ತೇನೆ. ಜೂನ್ ಜುಲೈನಲ್ಲಿ ಪ್ರವೇಶ ಮುಗಿದು ಹೊಸ ಮಕ್ಕಳು ಬಂದು ಕುಳಿತಾಗ ಮೊದಲ ದಿನವೇ ರೊಟ್ಟಿಯ ಲೆಕ್ಕದಿಂದ ಆರಂಭಿಸಿರಿ. ಉಳಿದದ್ದನ್ನು ಅವರೇ ಕಲಿಯುತ್ತಾರೆ.